ನಾಲ್ಕು ಬಿಳುಪು: ಕಾಗದಗಳ ಮೂಲಕ ಚಿತ್ರ ಕಲಿತ ನನ್ನ ಅನುಭವ

ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಕಲೆಯನ್ನು ನಾನು ಗುರುಗಳ ಎದುರಿಗೆ ಕುಳಿತು ಕಲಿತದ್ದು 7 ತಿಂಗಳು. ಅವರ ಕಾಗದಗಳನ್ನು ಮುಂದಿಟ್ಟುಕೊಂಡು ಕಲಿತದ್ದು 11 ವರ್ಷ. 1998ರಲ್ಲಿ ನಮ್ಮ ಯಜಮಾನರಿಗೆ ರಾಯಚೂರಿಗೆ ವರ್ಗವಾದಾಗ ನನಗೆ ರೇಖೆ ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ, ಆಭರಣಗಳನ್ನು ಉಬ್ಬುಗೆರೆಯಲ್ಲಿ ಬರೆಯುವ ಗೆಸ್ಸೋ ಕೆಲಸವನ್ನು ಆಗಷ್ಟೇ ಆರಂಭಿಸಿದ್ದೆ. ಪಾಠ ಇಲ್ಲಿಗೆ ನಿಂತಿತೆಂದುಕೊಂಡು ಹಣ್ಣು, ಎಲೆಅಡಿಕೆ ಹಿಡಿದು ನಮಸ್ಕರಿಸಲು ಹೋದವಳಿಗೆ ಗುರುಗಳು 10 ಇನ್‌ಲ್ಯಾಂಡ್ ಪತ್ರಗಳನ್ನು ಕೊಟ್ಟರು. ಹತ್ತರ ಮೇಲೂ ತಮ್ಮ ವಿಳಾಸವನ್ನು ತಾವೇ ಬರೆದಿದ್ದರು. "ಬರೆಯುವುದನ್ನು ಮಾತ್ರ ನಿಲ್ಲಿಸಬೇಡ ತಾಯಿ" ಎಂದಷ್ಟೇ ಹೇಳಿದರು.

ಆಗ ಆ ಮಾತು ಕಾಗದದ ಬಗ್ಗೆಯೋ ಚಿತ್ರದ ಬಗ್ಗೆಯೋ ಎಂದು ನನಗೆ ತಿಳಿಯಲಿಲ್ಲ. ನಾವು ಚಿತ್ರವನ್ನೂ ಬರೆಯುತ್ತೇವೆ, ಕಾಗದವನ್ನೂ ಬರೆಯುತ್ತೇವೆ. ಅವರ ಪಾಲಿಗೆ ಈ ಎರಡೂ ಒಂದೇ ಕೆಲಸವಾಗಿದ್ದವು ಎಂಬುದು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು.

ಗುರುಗಳಿಗೆ ಚಿತ್ರವೆಂದರೆ ಉಪಾಸನೆ. ದೇವತೆಯ ರೂಪವನ್ನು ಚಿತ್ರಗಾರ ಕಲ್ಪಿಸಿಕೊಳ್ಳುವುದಿಲ್ಲ, ಅದು ಧ್ಯಾನಶ್ಲೋಕದಲ್ಲಿ ಮೊದಲೇ ಇದೆ. ಎಷ್ಟು ಕೈಗಳು, ಯಾವ ಕೈಯಲ್ಲಿ ಏನು, ಮೈಬಣ್ಣ ಯಾವುದು, ಆಸನ ಯಾವುದು ಎಂಬುದನ್ನು ಶ್ಲೋಕ ಹೇಳುತ್ತದೆ, ಅದನ್ನು ಮನಸ್ಸಿನಲ್ಲಿ ಪೂರ್ತಿಯಾಗಿ ಕಂಡ ಮೇಲೆಯೇ ಕೈ ಹಲಗೆಯನ್ನು ಮುಟ್ಟಬೇಕು ಎಂಬುದು ಅವರ ನಿಲುವು. ಮೈಸೂರಿನ ಚಿತ್ರಗಾರರಿಗೆ ಇದು ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯು ಶಕ್ತಿನಿಧಿಯಿಂದ ಕೌತುಕನಿಧಿಯವರೆಗೆ 9 ನಿಧಿಗಳಲ್ಲಿ ಧ್ಯಾನಶ್ಲೋಕಗಳನ್ನೂ ಅವುಗಳಿಗೆ ತಕ್ಕ ಚಿತ್ರಗಳನ್ನೂ ಜೊತೆಯಾಗಿ ಇಟ್ಟಿರುವ ಗ್ರಂಥ. ಆದರೆ ಗುರುಗಳು ನನಗೆ ಅದರ ಚಿತ್ರಗಳನ್ನು ಬಹಳ ಕಾಲ ತೋರಿಸಲಿಲ್ಲ. ಚಿತ್ರ ನೋಡಿದರೆ ಕಣ್ಣು ನಕಲಿಗೆ ಇಳಿಯುತ್ತದೆ, ಶ್ಲೋಕ ಓದಿದರೆ ಮನಸ್ಸು ಕೆಲಸ ಮಾಡಲೇಬೇಕಾಗುತ್ತದೆ ಎಂದು ಬರೆದಿದ್ದರು.

ರಾಯಚೂರಿನಿಂದ ನಾನು ಬರೆದ ಮೊದಲ ಕಾಗದ ನನಗೇ ಹಿಂದಿರುಗಿ ಬಂತು. "ತೀರ್ಥರೂಪ ಸಮಾನರಾದ ಗುರುಗಳಿಗೆ ಸಾಷ್ಟಾಂಗ ನಮಸ್ಕಾರಗಳು, ಉಭಯ ಕುಶಲೋಪರಿ ಸಾಂಪ್ರತ" ಎಂದು ಕ್ರಮವಾಗಿಯೇ ಆರಂಭಿಸಿದ್ದೆ. ಅದರ ಬಗ್ಗೆ ಅವರ ತಕರಾರಿರಲಿಲ್ಲ. ಚಿತ್ರ ಚೆನ್ನಾಗಿ ಬರುತ್ತಿಲ್ಲ, ಮುಖದಲ್ಲಿ ಕಳೆ ಇಲ್ಲ ಎಂದು ನಾನು ಬರೆದಿದ್ದ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಮುಖದ ಯಾವ ಭಾಗ, ಎಷ್ಟು ಅಂಗುಲ, ಯಾವ ಹೊತ್ತಿನಲ್ಲಿ ಬರೆದದ್ದು, ಯಾವ ಕುಂಚ ಎಂದು ನಾಲ್ಕು ಪ್ರಶ್ನೆಗಳನ್ನು ಅಂಚಿನಲ್ಲಿ ಬರೆದಿದ್ದರು. ಉತ್ತರ ಬರೆಯಲು ಹಲಗೆಯ ಮುಂದೆ ಮತ್ತೆ ಕುಳಿತು, ಅಳತೆಯ ಕಡ್ಡಿ ಹಿಡಿದೆ. ಗಲ್ಲದಿಂದ ಮೂಗಿನ ತುದಿಯವರೆಗಿನ ಭಾಗ ಹಣೆಗಿಂತ ಗಿಡ್ಡವಾಗಿತ್ತು. ಕಳೆ ಇಲ್ಲದ್ದು ಏಕೆಂದು ಗುರುಗಳು ಹೇಳುವ ಮೊದಲೇ ನನಗೆ ಗೊತ್ತಾಗಿಹೋಯಿತು, ಆದರೂ ಬರೆದು ಕಳಿಸಿದೆ.

ಅದಕ್ಕೆ ಬಂದ ಉತ್ತರವನ್ನು ನಾನು ಇಂದಿಗೂ ಹಲಗೆಯ ಪಕ್ಕದಲ್ಲಿಯೇ ಇಟ್ಟುಕೊಳ್ಳುತ್ತೇನೆ. ನವತಾಲದ, ಅಂದರೆ ಮೂರ್ತಿಯ ಎತ್ತರ ಮುಖದ ಒಂಬತ್ತರಷ್ಟು ಇರಬೇಕೆನ್ನುವ ಅಳತೆಯ, ಲೆಕ್ಕವನ್ನು ಅವರು ಅಂಗಡಿಯ ಚೀಟಿಯ ಹಾಗೆ ಒಂದರ ಕೆಳಗೊಂದು ಬರೆದಿದ್ದರು: ಮುಖ 12 ಅಂಗುಲ, ಕತ್ತು 4, ಕತ್ತಿನಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಅಲ್ಲಿಂದ ಕೆಳಹೊಟ್ಟೆಯ ಕೊನೆಗೆ 12, ತೊಡೆ 24, ಮಂಡಿ 4, ಮಂಡಿಯಿಂದ ಹರಡಿಗೆ 24, ಪಾದ 4. ಮೊತ್ತ 108. ಇಲ್ಲಿನ ಅಂಗುಲವೆಂದರೆ ಸ್ಕೇಲಿನ ಇಂಚಲ್ಲ. ಬರೆಯಬೇಕಾದ ಮೂರ್ತಿಯ ಮುಖವನ್ನೇ 12 ಭಾಗ ಮಾಡಿ ಪಡೆದದ್ದು. ಹಾಗಾಗಿ ಮುಖ ತಪ್ಪಿದರೆ ಇಡೀ ದೇಹ ತಪ್ಪುತ್ತದೆ. ಆ ಚೀಟಿಯ ಕೆಳಗೆ ಅವರು ಜಪಮಾಲೆಯ ಮಣಿಗಳೂ 108 ಎಂದು ಬರೆದು, ಅಳತೆ ಹಾಕುವಾಗ ಒಂದೊಂದು ಅಂಗುಲಕ್ಕೂ ಒಂದು ನಾಮ ಹೇಳಿಕೊಳ್ಳಲು ಸೂಚಿಸಿದ್ದರು. ಆತುರ ಹೋಗಲೆಂದು ಈ ಉಪಾಯ ಹೇಳಿದರೇನೋ ಎಂದು ಮೊದಲು ಭಾವಿಸಿದ್ದೆ. ಮಾಡುತ್ತ ಹೋದಂತೆ, ಅವರು ಅದನ್ನು ಅಕ್ಷರಶಃ ಪೂಜೆಯೆಂದೇ ಹೇಳಿದ್ದರೆಂದು ತಿಳಿಯಿತು.

ಎರಡನೆಯ ಬೇಸಿಗೆಯಲ್ಲಿ ಗೆಸ್ಸೋ ಬಿರುಕು ಬಿಡತೊಡಗಿತು. ಈ ಕೆಲಸ ತಿಳಿಯದವರಿಗೆ ಒಂದು ಮಾತು: ಬಿಳಿಯ ಪುಡಿ ಮತ್ತು ಗೋಂದನ್ನು ಅರೆದು ಕಲಸಿ, ಆಭರಣ, ಕಿರೀಟ, ಪ್ರಭಾವಳಿಗಳ ಗೆರೆಗಳನ್ನು ಕುಂಚದಿಂದ ಸ್ವಲ್ಪವೇ ಉಬ್ಬುವಂತೆ ಬರೆದು, ಅದರ ಮೇಲೆ ಚಿನ್ನದ ರೇಕು ಹೊದಿಸುತ್ತೇವೆ. ಹಿಂದೆ ಸೀಸದ ಸಫೇದ ಪುಡಿಯಿಂದ ಮಾಡುತ್ತಿದ್ದರು. ಸೀಸ ವಿಷವಾದುದರಿಂದ ಗುರುಗಳು ನನಗೆ ಜಿಂಕ್ ಆಕ್ಸೈಡನ್ನೇ ಹೇಳಿಕೊಟ್ಟಿದ್ದರು. ತಂಜಾವೂರು ಚಿತ್ರಗಳಲ್ಲಿ ಈ ಉಬ್ಬು ದಪ್ಪವಾಗಿರುತ್ತದೆ, ಹರಳುಗಳನ್ನೂ ಕೂಡಿಸುತ್ತಾರೆ. ಮೈಸೂರಿನದರಲ್ಲಿ ಅದು ಬೆರಳಿಗೆ ತಾಕುವಷ್ಟು ಮಾತ್ರ ಇರಬೇಕು. ನನ್ನ ರಾಜರಾಜೇಶ್ವರಿಯ ಕಿರೀಟದಲ್ಲಿ, ಒಣಗಿದ ಕೆರೆಯ ತಳದಂತೆ, ಕೂದಲೆಳೆಯ ಬಿರುಕುಗಳು ಹರಡಿಕೊಂಡಿದ್ದವು. ಕೆರೆದು ತೆಗೆದು ಮತ್ತೆ ಬರೆದೆ, ಮತ್ತೆ ಬಿರುಕು. ಮೂರನೆಯ ಸಲ ಅತ್ತುಬಿಟ್ಟೆ.

ಗುರುಗಳಿಗೆ ಬರೆದಾಗ ಅವರು ಪರಿಹಾರ ಹೇಳಲಿಲ್ಲ. ರಾಯಚೂರಿನ ಬಿಸಿಲನ್ನು ತಾವು ಕಂಡವರಲ್ಲ, ಅದನ್ನು ಮೊದಲು ತಮಗೆ ಬರೆದು ತೋರಿಸಬೇಕು ಎಂದರು. ಕೆಲಸ ಮಾಡುವ ಕೋಣೆಯ ಕಿಟಕಿ ಯಾವ ದಿಕ್ಕಿಗೆ, ಗೋಂದು ನೀರಿನಲ್ಲಿ ಕರಗಲು ಎಷ್ಟು ಹೊತ್ತು, ಬರೆದ ಗೆರೆ ಒಣಗಲು ಎಷ್ಟು ಹೊತ್ತು, ಕಲಸಿದ್ದು ಮಜ್ಜಿಗೆಯಷ್ಟು ತೆಳುವೋ ದೋಸೆ ಹಿಟ್ಟಿನಷ್ಟು ಗಟ್ಟಿಯೋ ಎಂದು ಕೇಳಿದ್ದರು. ಮೂರು ದಿನ ಗಡಿಯಾರ ನೋಡಿ ಬರೆದಿಟ್ಟುಕೊಂಡೆ. ಅಡುಗೆ, ಮಕ್ಕಳ ಕೆಲಸ ಮುಗಿಸಿ ಮಧ್ಯಾಹ್ನ 2 ಗಂಟೆಗೆ, ಫ್ಯಾನಿನ ನೇರ ಕೆಳಗೆ ಕುಳಿತು ಬರೆಯುತ್ತಿದ್ದೆ. ಮೇಲ್ಪದರ ನೋಡುನೋಡುತ್ತಲೇ ಒಣಗುತ್ತಿತ್ತು, ಒಳಗೆ ಹಸಿ ಉಳಿಯುತ್ತಿತ್ತು. ಗಟ್ಟಿಯಾಗಿ ಅಂಟಲೆಂದು ಗೋಂದನ್ನೂ ಹೆಚ್ಚಿಸಿದ್ದೆ. ಗೋಂದು ಹೆಚ್ಚಾದಷ್ಟೂ ಪದರ ಗಾಜಿನಂತೆ ಪೆಡಸಾಗುತ್ತದೆಂಬುದು, ಕಾಗದದಲ್ಲಿ ಅಳತೆಗಳನ್ನು ಸಾಲಾಗಿ ಬರೆಯುವಾಗ, ನನ್ನ ಅಕ್ಷರಗಳಲ್ಲಿಯೇ ನನಗೆ ಕಾಣಿಸಿತು. ಆ ಕಾಗದವನ್ನು ಅಂಚೆಗೆ ಹಾಕಿದ ಮರುದಿನದಿಂದಲೇ ಬೆಳಗಿನ ಜಾವ 4 ಗಂಟೆಗೆ ಎದ್ದು, ಫ್ಯಾನ್ ಹಾಕದೆ, ಒಂದು ದಪ್ಪ ಪದರದ ಬದಲು ಮೂರು ತೆಳು ಪದರಗಳಲ್ಲಿ, ಪ್ರತಿಯೊಂದೂ ಪೂರ್ತಿ ಆರಿದ ಮೇಲೆ ಮುಂದಿನದನ್ನು ಬರೆಯತೊಡಗಿದೆ. ಗುರುಗಳ ಉತ್ತರ ಬರುವ ಹೊತ್ತಿಗೆ ಕಿರೀಟ ನಿಂತಿತ್ತು. ಅವರ ಉತ್ತರದಲ್ಲಿಯೂ ಇದೇ ಪರಿಹಾರವಿತ್ತು. ಕೊನೆಯಲ್ಲಿ, ಇದು ಕೈಸೇರುವ ಮೊದಲೇ ನೀನು ಸರಿಪಡಿಸಿಕೊಂಡಿರುತ್ತೀಯೆ ಎಂದೂ ಇತ್ತು.

ಫೋನಿನಲ್ಲಿ ಎರಡು ನಿಮಿಷದಲ್ಲಿ ಮುಗಿಯುತ್ತಿದ್ದ ವಿಷಯಕ್ಕೆ ಹತ್ತು ದಿನ ಏಕೆಂದು ನನ್ನನ್ನು ಅನೇಕರು ಕೇಳಿದ್ದಾರೆ. ಆ ಹತ್ತು ದಿನಗಳಲ್ಲಿಯೇ ನಾನು ಕಲಿತದ್ದು. ಕೇಳಿದ ಕೂಡಲೇ ಉತ್ತರ ಸಿಕ್ಕಿದ್ದರೆ ನಾನು ಗಡಿಯಾರವನ್ನು ನೋಡುತ್ತಿರಲಿಲ್ಲ.

ಇಷ್ಟಾದ ಮೇಲೆ ಗುರುಗಳು ಸರಸ್ವತಿಯನ್ನು ಬರೆಯಲು ಅಪ್ಪಣೆ ಕೊಟ್ಟರು. ಆದರೆ ಹಲಗೆಯ ಮೇಲಲ್ಲ, ಮೊದಲು ಕಾಗದದ ಮೇಲೆ, ಅಕ್ಷರಗಳಲ್ಲಿ. "ಯಾ ಕುಂದೇಂದು ತುಷಾರಹಾರಧವಳಾ" ಎಂಬ, ಶಾಲೆಯ ಪ್ರಾರ್ಥನೆಯಲ್ಲಿ ನಾವೆಲ್ಲ ಹೇಳಿಕೊಂಡು ಬಂದ ಶ್ಲೋಕ. ಕುಂದ, ಇಂದು, ತುಷಾರ, ಹಾರ: ಮಾಗಿಯಲ್ಲಿ ಅರಳುವ ಮಲ್ಲಿಗೆ ಜಾತಿಯ ಹೂ, ಚಂದ್ರ, ಹಿಮ, ಮುತ್ತಿನ ಹಾರ. ಇವು ನಾಲ್ಕು ಬಿಳುಪು, ನಿನ್ನ ಬಟ್ಟಲಿನಲ್ಲಿರುವುದು ಒಂದು ಬಿಳುಪು, ದೇವಿಗೆ ಯಾವುದನ್ನು ಹಚ್ಚುತ್ತೀಯೆ ಎಂದು ಕೇಳಿದ್ದರು. ಸಾವಿರ ಸಲ ಹೇಳಿದ್ದ ಶ್ಲೋಕದಲ್ಲಿ ನಾಲ್ಕು ಬಿಳುಪುಗಳಿವೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಒಂದೊಂದಕ್ಕೂ ಒಂದೊಂದು ಕಾಗದ ಬರೆಯಬೇಕಿತ್ತು. ಕುಂದಕ್ಕಾಗಿ ಮಾಗಿ ಬರುವವರೆಗೆ ಕಾದೆ. ಹೂವಿನ ಎಸಳು ಬುಡದಲ್ಲಿ ತುಸು ಹಸಿರು ಹೊತ್ತಿರುತ್ತದೆ, ಮೊಗ್ಗಿನ ಹೊರಮೈಯಲ್ಲಿ ನಸುಗೆಂಪಿನ ನೆರಳಿರುತ್ತದೆ, ಸಂಜೆಯ ಹೊತ್ತಿಗೆ ಅಂಚು ಹಳದಿಗೆ ತಿರುಗುತ್ತದೆ ಎಂದು ಬರೆದೆ. ಚಂದ್ರನ ಬಿಳುಪು ಹುಟ್ಟುವಾಗ ಅರಿಶಿನ, ನೆತ್ತಿಗೆ ಬಂದಾಗ ನೀಲಿಯ ಕಡೆಗೆ. ಮುತ್ತಿನ ಬಿಳುಪಿಗೆ ಅತ್ತೆಯವರ ಮೂಗುತಿಯನ್ನು ಕೇಳಿ ಪಡೆದು ಕಿಟಕಿಯ ಬಳಿ ಹಿಡಿದು ನೋಡಿದೆ. ಅದರಲ್ಲಿ ನನ್ನ ಸೀರೆಯ ಕೆಂಪು ಕಾಣುತ್ತಿತ್ತು. ಹಿಮವನ್ನು ನಾನೆಲ್ಲಿ ನೋಡಲಿ? ಇಬ್ಬನಿಯನ್ನು ನೋಡು ಎಂದು ಉತ್ತರ ಬಂತು. ಡಿಸೆಂಬರಿನ ಒಂದು ಬೆಳಗ್ಗೆ ಊರ ಹೊರಗಿನ ಹೊಲದ ಬದುವಿನಲ್ಲಿ ಕುಳಿತು ನೋಡಿ, ಇಬ್ಬನಿ ಬಿಳುಪೇ ಅಲ್ಲ ಗುರುಗಳೇ, ಅದಕ್ಕೆ ಬಣ್ಣವೇ ಇಲ್ಲ, ಹನಿಯ ಅಂಚಿನಲ್ಲಿ ಒಂದು ಬೆಳಕಿದೆ ಅಷ್ಟೇ ಎಂದು ಅಳುಕುತ್ತಲೇ ಬರೆದೆ. ಅದಕ್ಕೆ ಅವರು ಒಂದೇ ಸಾಲು ಬರೆದರು: "ಇನ್ನು ಕುಂಚ ಹಿಡಿಯಬಹುದು."

ಆ ಚಿತ್ರದಲ್ಲಿ ಮುಖಕ್ಕೆ ನಸು ಬೆಚ್ಚನೆಯ ಬಿಳುಪು, ಸೀರೆಗೆ ತುಸು ನೀಲಿ ಬೆರೆಸಿದ ತಣ್ಣನೆಯ ಬಿಳುಪು, ಹಾರದ ಮಣಿಗಳಿಗೆ ಪಕ್ಕದ ಬಣ್ಣದ ಛಾಯೆ ಎಂದು ಹಂಚಿಕೊಂಡೆ. ಸಂಪ್ರದಾಯದಂತೆ ಆಕಾಶ, ಬೆಟ್ಟ, ಹೊಳೆಗಳನ್ನು ಮೊದಲು ಮುಗಿಸಿ, ಆಮೇಲೆ ಹಂಸ ಮತ್ತು ದೇವಿಯ ದೇಹ, ಕೊನೆಗೆ ಮುಖ. ಮುಖದಲ್ಲಿಯೂ ಕಣ್ಣು ಎಲ್ಲಕ್ಕಿಂತ ಕೊನೆಗೆ.

ರೇಖೆಯ ತಿದ್ದುಪಡಿ ನಡೆಯುತ್ತಿದ್ದುದು ಬಟರ್ ಪೇಪರಿನ ಮೇಲೆ. ನನ್ನ ಚಿತ್ರದ ರೇಖೆಯನ್ನು ಅದರ ಮೇಲೆ ಇಳಿಸಿ, ಮಡಿಸದೆ ಸುರುಳಿ ಸುತ್ತಿ ರಟ್ಟಿನ ಕೊಳವೆಯಲ್ಲಿ ಕಳಿಸುತ್ತಿದ್ದೆ. ಅವರು ಮೇಲೆ ಇನ್ನೊಂದು ಹಾಳೆ ಹಾಸಿ ತಮ್ಮ ರೇಖೆ ಬರೆದು ಎರಡನ್ನೂ ಹಿಂದಕ್ಕೆ ಕಳಿಸುತ್ತಿದ್ದರು. ಎರಡೂ ಹಾಳೆಗಳನ್ನು ಬೆಳಕಿಗೆ ಹಿಡಿದಾಗ ವ್ಯತ್ಯಾಸ ಕೂದಲೆಳೆಯಷ್ಟು. ನನ್ನ ಮೇಲ್ರೆಪ್ಪೆಯ ಗೆರೆ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ದಪ್ಪದಲ್ಲಿ ಸಾಗಿ ಥಟ್ಟನೆ ನಿಲ್ಲುತ್ತಿತ್ತು. ಅವರದು ತೆಳುವಾಗಿ ಹೊರಟು, ಪಾಪೆಯ ಮೇಲೆ ಬಂದಾಗ ತುಂಬಿಕೊಂಡು, ಮುಂದೆ ಉಸಿರು ಬಿಟ್ಟ ಹಾಗೆ ಸಣ್ಣಗಾಗಿ, ಎಲ್ಲಿ ಮುಗಿಯಿತೆಂದು ತಿಳಿಯದಂತೆ ಮುಗಿಯುತ್ತಿತ್ತು. ಅದೇ ಏರಿಳಿತ ಅವರ ಅಕ್ಷರಗಳಲ್ಲಿಯೂ ಇತ್ತು. ಅವರು ಬರೆಯುವ "ಶ್ರೀ"ಯ ಕೊನೆಯ ದೀರ್ಘವನ್ನು ನೋಡಿ ನೋಡಿ ಆ ರೆಪ್ಪೆಯ ಗೆರೆ ನನಗೆ ಒಲಿಯಿತು ಎಂದರೆ ಅತಿಶಯೋಕ್ತಿಯಲ್ಲ.

ಕಾಗದದಿಂದ ಎಲ್ಲವೂ ಬರುತ್ತದೆಂದು ನಾನು ಹೇಳಲಾರೆ. ಚಿನ್ನದ ರೇಕು ಹೊದಿಸುವಾಗ ಅಂಟು ಯಾವ ಕ್ಷಣದಲ್ಲಿ ಹದವಾಗಿದೆಯೆಂದು ತಿಳಿಯುವುದನ್ನು, ಚಿತ್ರ ಮುಗಿದ ಮೇಲೆ ತೆಳುಕಾಗದ ಹಾಸಿ ನುಣುಪು ಕಲ್ಲಿನಿಂದ ಉಜ್ಜಿ ಮೆರುಗು ಕೊಡುವಾಗ ಕೈಯ ಭಾರ ಎಷ್ಟಿರಬೇಕೆಂಬುದನ್ನು ಅವರ ಪಕ್ಕದಲ್ಲಿ ಕುಳಿತೇ ಕಲಿಯಬೇಕಾಯಿತು. ದಸರಾ ರಜೆಗಳಲ್ಲಿ ಮೈಸೂರಿಗೆ ಹೋದಾಗ ಆ ಪಾಠಗಳಾಗುತ್ತಿದ್ದವು. ಅಚ್ಚರಿಯೆಂದರೆ, ಎದುರಿಗೆ ಕುಳಿತಾಗ ಅವರು ಬಹಳ ಕಡಿಮೆ ಮಾತನಾಡುತ್ತಿದ್ದರು. ನಾನು ಊರಿಗೆ ಮರಳಿದ ವಾರದೊಳಗೆ, ಅಲ್ಲಿ ನನ್ನ ಕೈಯಲ್ಲಿ ಕಂಡ ತಪ್ಪುಗಳೆಲ್ಲ ಕಾಗದದಲ್ಲಿ ಬರುತ್ತಿದ್ದವು.

2008ರ ಹೊತ್ತಿಗೆ ಅವರ ದೃಷ್ಟಿ ಮಂದವಾಯಿತು. ಕಾಗದಗಳನ್ನು ಮೊಮ್ಮಗನಿಂದ ಬರೆಸುತ್ತಿದ್ದರು. ದುಂಡಗಿನ, ಶಾಲೆಯ ಅಕ್ಷರಗಳು. ಆದರೆ ಪ್ರತಿ ಕಾಗದದ ತಲೆಯ ಮೇಲಿನ "ಶ್ರೀ" ಮಾತ್ರ ಅವರದೇ. ಅದು ಒಮ್ಮೊಮ್ಮೆ ಸಾಲು ತಪ್ಪಿ ಮೂಲೆಗೆ ಹೋಗಿರುತ್ತಿತ್ತು, ಗೆರೆ ಮಾತ್ರ ನಡುಗಿರಲಿಲ್ಲ. 2009ರ ಯುಗಾದಿಗೆ ಬಂದ ಕೊನೆಯ ಕಾಗದದಲ್ಲಿ, ಸರಸ್ವತಿಯ ಹಾರ ಎಲ್ಲಿಗೆ ಬಂತೆಂದು ಕೇಳಿದ್ದರು.

ಆ ಸರಸ್ವತಿಯಾದ ಮೇಲೆ ಇನ್ನೂ ಐದು ಸರಸ್ವತಿಯರನ್ನು ಬರೆದಿದ್ದೇನೆ. ಕುಂದ, ಇಂದು, ಹಾರ ಈ ಮೂರರ ಬಿಳುಪು ಕೈಗೆ ಬಂದಿದೆಯೆಂದು ಧೈರ್ಯವಾಗಿ ಹೇಳಬಲ್ಲೆ. ತುಷಾರದ್ದು ಬಂದಿಲ್ಲ. ಈಗ ಹಲಗೆಯ ಮೇಲಿರುವ ಆರನೆಯ ಚಿತ್ರದಲ್ಲಿ, ಸೆರಗಿನ ಒಂದು ಅಂಚಿಗೆ ಬಣ್ಣವನ್ನೇ ಹಚ್ಚದೆ, ಸುತ್ತಲಿನ ನೀಲಿಯನ್ನು ಮಾತ್ರ ಸ್ವಲ್ಪ ಗಾಢ ಮಾಡಿ ನೋಡಿದ್ದೇನೆ. ಹಾಗೆ ಮಾಡಿದ್ದು ಎಷ್ಟು ಗಂಟೆಗೆ, ಯಾವ ಕುಂಚದಿಂದ, ಎಷ್ಟು ನೀರು ಬೆರೆಸಿ ಎಂದು ಒಂದು ಇನ್‌ಲ್ಯಾಂಡಿನಲ್ಲಿ ಬರೆದಿಟ್ಟಿದ್ದೇನೆ. ಅವರು ಕೊಟ್ಟ ಹತ್ತರಲ್ಲಿ ಉಳಿಸಿಕೊಂಡಿದ್ದ ಒಂದು ಅದು, ವಿಳಾಸ ಅವರ ಕೈಬರಹದಲ್ಲಿದೆ.