ಹಿತ್ತಲ ಜೇಕನ್ನು ಸೊರಗಿಸಿದ್ದು

ಮಂಡ್ಯದ ಹೊಸ ಬಡಾವಣೆಗಳಲ್ಲಿ ಎಷ್ಟೋ ಸೈಟುಗಳು ಹಿಂದೆ ಕಬ್ಬಿನ ಗದ್ದೆಗಳು. ನಮ್ಮದೂ ಹಾಗೇ. ಮನೆ ಎದ್ದರೂ ಮಣ್ಣೊಳಗಿನ ಜೇಕು ಅನ್ನುವ ಗಡ್ಡೆ ಕಳೆ ಜಾಗ ಬಿಟ್ಟಿರಲಿಲ್ಲ. ತರಕಾರಿ ಪಾತಿ, ಮುಂದಿನ ಲಾನ್, ಎರಡರಲ್ಲೂ ಅದೇ. ಕಳೆ ಕೀಳಲು ಬಂದಿದ್ದ ಅಕ್ಕ ಮೊದಲೇ ಹೇಳಿದ್ದರು: "ಕಿತ್ರೆ ಹೋಗಲ್ಲ ಕಣಣ್ಣ, ಒಂದಕ್ಕೆ ನಾಕಾಯ್ತದೆ."

ಅವರ ಮಾತು ಪೂರಾ ನಿಜ. ಜೇಕಿನ ಗಡ್ಡೆಗಳು, ನಾವು ಕೊನ್ನಾರಿ ಗಡ್ಡೆ ಅನ್ನುತ್ತೇವಲ್ಲ ಅವು, ನೆಲದೊಳಗೆ ಸರದ ಮಣಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಲೆ ಹಿಡಿದು ಎಳೆದರೆ ದಾರ ತುಂಡಾಗಿ, ಅಲ್ಲಿಯವರೆಗೆ ಸುಮ್ಮನೆ ಮಲಗಿದ್ದ ಗಡ್ಡೆಗಳೂ ಚಿಗುರುತ್ತವೆ. ಹಾಗಾಗಿ ಕೀಳುವುದಕ್ಕಿಂತ ಗಡ್ಡೆಯ ಕಸುವನ್ನೇ ಕರಗಿಸಬೇಕು.

ನಾನು ಶುರು ಮಾಡಿದ್ದು ಏಪ್ರಿಲ್ ಬಿಸಿಲಲ್ಲಿ. ಪಾತಿಗೆ ನೀರು ಬಿಡುವುದನ್ನು ನಿಲ್ಲಿಸಿ, ಗೇಣುದ್ದ ಆಳಕ್ಕೆ ಗುದ್ದಲಿಯಲ್ಲಿ ಅಗೆದು, ಹೆಂಟೆ ಒಡೆಯದೆ ಹಾಗೇ ಬಿಟ್ಟೆ. ಗಡ್ಡೆಗಳು ಬಹುಪಾಲು ಇರುವುದು ಆ ಆಳದೊಳಗೇ. ಒಣಗಿದರೆ ಸಾಯುತ್ತವೆ; ನಡುವೆ ಒಂದು ಸಲ ನೀರು ಬಿಟ್ಟರೂ ಪಟ್ಟ ಶ್ರಮ ವ್ಯರ್ಥ. ಮಳೆ ಬಿದ್ದ ಮೇಲೆ ಉಳಿದವು ಮೊಳೆತವು. ಐದಾರು ಎಲೆ ಬರುವ ಮೊದಲೇ ಕುಡುಗೋಲಿನ ಮೊನೆಯಲ್ಲಿ ಮಣ್ಣಿನೊಳಗಿಂದ ಕತ್ತರಿಸುತ್ತಾ ಹೋದೆ. ಅಲ್ಲಿಯವರೆಗೆ ಗಿಡ ತಿನ್ನುವುದು ಗಡ್ಡೆಯೊಳಗಿನ ಉಳಿತಾಯವನ್ನು. ಎಲೆ ಬಲಿತರೆ ಹೊಸ ಗಡ್ಡೆ ಕಟ್ಟಲು ಶುರು. ಇಲ್ಲಿ ತಪ್ಪದ ಕಣ್ಣು ಬೇಕು, ಔಷಧಿಗಿಂತ ಹೆಚ್ಚಾಗಿ.

ಆಮೇಲೆ ಅದೇ ಪಾತಿಗೆ ಗೆಣಸಿನ ಬಳ್ಳಿ ನೆಟ್ಟೆ. ಜೇಕಿಗೆ ನೆರಳು ಆಗದು. ಗೆಣಸು ನೆಲ ಮುಚ್ಚಿದಷ್ಟೂ ಅದು ಬಡಕಲಾಯಿತು. ಬದನೆ, ಟೊಮೆಟೊ ಸಾಲಿಗೆ ಕಬ್ಬಿನ ತರಗು ದಪ್ಪಗೆ ಹೊದಿಸುತ್ತೇನೆ. ಬೀಜದಿಂದ ಹುಟ್ಟುವ ಕಳೆಗೆ ತರಗು ಸಾಕು. ಜೇಕಿಗೆ ಅದೊಂದೇ ಸಾಲದು, ಪ್ಲಾಸ್ಟಿಕ್ ಹಾಳೆಯನ್ನೂ ಚುಚ್ಚಿಕೊಂಡು ಬರುವ ಮೊನೆ ಅದರದು.

ಲಾನ್‌ನಲ್ಲಿ ಅಗೆಯುವಂತಿಲ್ಲ. ಅಲ್ಲಿ ಹುಲ್ಲನ್ನು ಬೋಳಿಸಬಾರದು, ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಕತ್ತರಿಸಿದ ಎರಡು ಮೂರು ದಿನಕ್ಕೆ ಜೇಕು ಹುಲ್ಲಿಗಿಂತ ಮೇಲೆ ತಲೆ ಎತ್ತುತ್ತದೆ. ಆಗ ಉದ್ದನೆಯ ಚಾಕು ಇಳಿಸಿ ಗಡ್ಡೆ ಸಮೇತ ಎಬ್ಬಿಸುವುದು ಸುಲಭ. ನೀರು ನಿಲ್ಲುವ ತಗ್ಗುಗಳನ್ನು ತುಂಬಿಸಿದ ಮೇಲೆ ಕಾಟ ಇನ್ನೂ ಕಡಿಮೆಯಾಯಿತು.

ಕಾಂಗ್ರೆಸ್ ಗಿಡಕ್ಕೆ ಇಷ್ಟು ಕಷ್ಟವಿಲ್ಲ. ಮಳೆ ಬಂದು ನೆಲ ಮೆತ್ತಗಿರುವಾಗ, ಹೂ ಬಿಡುವ ಮೊದಲು, ಕೈಗವಸು ಹಾಕಿ ಬೇರು ಸಮೇತ ಕೀಳಿ. ಬರಿಗೈ ಬೇಡ, ಚರ್ಮಕ್ಕೆ ಅಲರ್ಜಿ ಆಗುತ್ತದೆ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಹೂ ಬಿಟ್ಟದ್ದನ್ನು ಗೊಬ್ಬರದ ಗುಂಡಿಗೆ ಹಾಕಲೇಬೇಡಿ.

ಕಳೆ ಸಾಯಲಿ ಅಂತ ಉಪ್ಪು ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ನಾಲೆ ಬಯಲಿನಲ್ಲಿ ಮಣ್ಣಿಗೆ ಉಪ್ಪೇರಿ ಚೌಳು ಎದ್ದ ಜಮೀನಿನ ಪಾಡು ನಮ್ಮ ಜಿಲ್ಲೆಗೆ ಗೊತ್ತೇ ಇದೆ.

ಎಲ್ಲವನ್ನೂ ಕಿತ್ತೆಸೆಯುವುದೂ ಇಲ್ಲ. ಹೊನಗೊನ್ನೆ, ಗೋಣಿಸೊಪ್ಪು, ಅಣ್ಣೆಸೊಪ್ಪು ಎಳೆಯದಿರುವಾಗಲೇ ಅಡುಗೆಮನೆಗೆ ಹೋಗುತ್ತವೆ, ಮುದ್ದೆ ಜೊತೆ ಬೆರಕೆ ಸೊಪ್ಪಿನ ಸಾರಿಗೆ. ಔಷಧಿ ಹೊಡೆಯದ ಹಿತ್ತಲಿನದಾದರೆ ಮಾತ್ರ.