ಬೆಲಾರೂಸಿನ ಕೆಳದರ್ಜೆ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಬರೆಯುವುದು ಹೇಗೆ

ಬೆಲಾರೂಸಿನಲ್ಲಿ ಪ್ರೀಮಿಯರ್ ಲೀಗಿನ ಕೆಳಗೆ ಪೆರ್ವಾಯಾ ಲಿಗಾ, ಅದರ ಕೆಳಗೆ ವ್ತೊರಾಯಾ ಲಿಗಾ ಇವೆ. ಈ ಎರಡರಲ್ಲಿ ಆಡುವ ಸಣ್ಣ ಊರಿನ ಕ್ಲಬ್ಬುಗಳ ಬಗ್ಗೆ ಬರೆಯುವವರು ಸ್ಥಾಪನೆಯಾದ ವರ್ಷದಿಂದ ಶುರು ಮಾಡಿ ಅಲ್ಲೇ ಎಡವುತ್ತಾರೆ. ಆ ವರ್ಷವನ್ನು ಕೊನೆಗೆ ಬಿಡಿ. ಮೊದಲು ಆಗಬೇಕಾದದ್ದು ಸೀಸನ್‌ವಾರು ಪಟ್ಟಿ.

ಪಟ್ಟಿಯ ಪ್ರತಿ ಸಾಲಿನಲ್ಲಿ ಸೀಸನ್, ಆಡಿದ ಲೀಗ್, ಆ ವರ್ಷ ಕ್ಲಬ್ಬಿಗಿದ್ದ ಹೆಸರು, ಸ್ಥಾನ ಮತ್ತು ಒಟ್ಟು ತಂಡಗಳು, ಪಂದ್ಯ, ಗೆಲುವು, ಡ್ರಾ, ಸೋಲು, ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲು, ಅಂಕ, ಷರಾ ಇರಲಿ. ಹೆಸರಿನ ಕಾಲಂ ಬಿಡಲೇಬೇಡಿ. ಸೋವಿಯತ್ ಕಾಲದಲ್ಲಿ ಕ್ಲಬ್ಬನ್ನು ಸಾಕುತ್ತಿದ್ದದ್ದು ಹೆಚ್ಚಾಗಿ ಊರಿನ ಕಾರ್ಖಾನೆ, ಹೆಸರೂ ಎಷ್ಟೋ ಸಲ ಅದರದ್ದೇ. ಲಿಡಾ ಊರಿನ ತಂಡ ಪಾದರಕ್ಷೆ ಕಾರ್ಖಾನೆಯ ಕಾಲದಲ್ಲಿ ಒಬುವ್ಶ್ಚಿಕ್ ಆಗಿತ್ತು, ಆಮೇಲೆ ಎಫ್‌ಸಿ ಲಿಡಾ ಆಯಿತು. ಇಂದಿನ ಹೆಸರನ್ನು ಹಳೆಯ ಸಾಲುಗಳಿಗೂ ತುಂಬಿದರೆ ಹಳೆಯ ಪತ್ರಿಕೆಯ ವರದಿಗೂ ನಿಮ್ಮ ಪಟ್ಟಿಗೂ ತಾಳೆಯೇ ಆಗುವುದಿಲ್ಲ.

ಮಾಹಿತಿ ಹುಡುಕುವಾಗ ಊರಿನ ಹೆಸರನ್ನು ರಷ್ಯನ್ ಮತ್ತು ಬೆಲಾರೂಸಿಯನ್ ಎರಡರಲ್ಲೂ ಕೊಡಿ. ಮೊಗಿಲ್ಯೋವ್ ಎಂಬುದು ಬೆಲಾರೂಸಿಯನ್ನಿನಲ್ಲಿ ಮಾಹಿಲ್ಯೋವ್, ಗ್ರೋದ್ನೊ ಎಂಬುದು ಹ್ರೋದ್ನಾ. ಇವು ಕಣ್ಣಿಗೆ ಬೀಳುತ್ತವೆ. ಮೋಸ ಮಾಡುವುದು ಲಿಡಾ, ಪಿನ್ಸ್ಕ್‌ನಂಥ ಹೆಸರುಗಳು. ಕಿವಿಗೆ ಒಂದೇ ಎನಿಸಿದರೂ 'ಇ' ಸ್ವರಕ್ಕೆ ಎರಡು ಭಾಷೆಗಳಲ್ಲಿ ಬೇರೆ ಬೇರೆ ಅಕ್ಷರ. ರಷ್ಯನ್ನಿನದು ಲ್ಯಾಟಿನ್ನಿನ ದೊಡ್ಡ ಎನ್ ಅನ್ನು ಕನ್ನಡಿಯಲ್ಲಿ ಕಂಡಂತೆ, ಬೆಲಾರೂಸಿಯನ್ನಿನದು ಲ್ಯಾಟಿನ್ನಿನ ಐ ಇದ್ದಂತೆ. ಒಂದರಲ್ಲಷ್ಟೇ ಹುಡುಕಿದರೆ ಇನ್ನೊಂದು ಭಾಷೆಯ ಪುಟಗಳು ತಪ್ಪಿಹೋಗುತ್ತವೆ.

ಅಂಕಪಟ್ಟಿಗಳಿಗೆ ಆರ್‌ಎಸ್‌ಎಸ್‌ಎಸ್‌ಎಫ್ ಎಂಬ, ಅಂತರ್ಜಾಲದಲ್ಲಿರುವ ಫುಟ್‌ಬಾಲ್ ಅಂಕಿಅಂಶಗಳ ಸಂಗ್ರಹ ಒಳ್ಳೆಯ ಆರಂಭ. ಪಂದ್ಯದ ವಿವರಕ್ಕೆ ಮಿನ್ಸ್ಕ್‌ನ ಕ್ರೀಡಾ ಪತ್ರಿಕೆ ಪ್ರೆಸ್‌ಬಾಲ್, ಊರಿನ ಒಳಸುದ್ದಿಗೆ ಜಿಲ್ಲಾ ಪತ್ರಿಕೆ: ಲಿಡಾಕ್ಕೆ ಲಿಡ್ಸ್ಕಾಯಾ ಗಜೆತಾ, ರೆಚಿತ್ಸಾಕ್ಕೆ ದ್ನ್ಯಾಪ್ರೋವೆತ್ಸ್. ಕೋಚ್ ಯಾಕೆ ಹೋದ, ಕಾರ್ಖಾನೆ ಯಾವಾಗ ಹಣ ನಿಲ್ಲಿಸಿತು ಎಂಬಂಥ ಸಂಗತಿಗಳನ್ನು ಜಿಲ್ಲಾ ಪತ್ರಿಕೆಯಲ್ಲೇ ಹುಡುಕಬೇಕು. 2020ರ ಮಾರ್ಚ್‌ನಲ್ಲಿ ಯುರೋಪಿನ ಲೀಗುಗಳೆಲ್ಲ ನಿಂತು ಬೆಲಾರೂಸ್ ಮಾತ್ರ ಆಡುತ್ತಿದ್ದಾಗ ಇಂಗ್ಲಿಷಿನಲ್ಲಿ ಅವಸರದ ಲೇಖನಗಳು ಸಾಕಷ್ಟು ಬಂದವು. ಅವನ್ನು ಎರಡನೇ ಆಧಾರವಿಲ್ಲದೆ ನಂಬಬೇಡಿ.

ಕ್ಯಾಲೆಂಡರ್ ದೊಡ್ಡ ತೊಡಕು. ಸ್ವತಂತ್ರ ಬೆಲಾರೂಸಿನ ಮೊದಲ ಚಾಂಪಿಯನ್‌ಶಿಪ್ 1992ರ ಮೊದಲರ್ಧದಲ್ಲಿ ಮುಗಿಯಿತು. ಆಮೇಲಿನ ಮೂರು ಸೀಸನ್‌ಗಳು ಶರತ್ಕಾಲದಿಂದ ವಸಂತದವರೆಗೆ. 1995ರ ದ್ವಿತೀಯಾರ್ಧದಲ್ಲಿ ಒಂದು ಗಿಡ್ಡ ಸೀಸನ್. 1996ರಿಂದ ವಸಂತಕ್ಕೆ ಶುರುವಾಗಿ ಅದೇ ವರ್ಷ ಮುಗಿಯುವ ಪದ್ಧತಿ. ಹಾಗಾಗಿ 1992 ಮತ್ತು 1995ಕ್ಕೆ ಒಂದೊಂದೇ ಸಾಲು ಸಾಲದು. ಬೆಲಾರೂಸ್ ಕಪ್‌ನದು ಬೇರೆ ಲೆಕ್ಕ: ಬೇಸಿಗೆಯಲ್ಲಿ ಶುರುವಾಗಿ ಮರುವರ್ಷದ ಮೇ ಹೊತ್ತಿಗೆ ಫೈನಲ್. ಒಂದೇ ಕಪ್‌ನ ಮೊದಲ ಸುತ್ತನ್ನು ಪೆರ್ವಾಯಾದಲ್ಲಿದ್ದಾಗ ಆಡಿ, ಕ್ವಾರ್ಟರ್ ಫೈನಲ್ಲನ್ನು ಬಡ್ತಿ ಪಡೆದ ಮೇಲೆ ಆಡುವುದುಂಟು. ಕಪ್‌ಗೆ ಬೇರೆ ಪಟ್ಟಿಯನ್ನೇ ಮಾಡಿ.

ಸಾಲು ತುಂಬಲು ಬಳಸಿದ ಇಡೀ ಲೀಗಿನ ಅಂಕಪಟ್ಟಿಯನ್ನು ಕೂಡಿ ನೋಡಿ. ಗೆಲುವಿಗೆ 2 ಅಂಕವಿದ್ದ ಸೀಸನ್‌ಗಳಲ್ಲಿ ಲೀಗಿನ ಎಲ್ಲ ತಂಡಗಳ ಅಂಕಗಳ ಮೊತ್ತ ಒಟ್ಟು ಪಂದ್ಯಗಳ ಎರಡರಷ್ಟಿರಬೇಕು. 16 ತಂಡಗಳು ಒಂದೊಂದು ಸಲ ಎದುರಾದರೆ 120 ಪಂದ್ಯ, 240 ಅಂಕ. 3 ಅಂಕದ ಪದ್ಧತಿಯಲ್ಲಿ ಪಂದ್ಯಗಳ ಮೂರರಷ್ಟರಿಂದ ಡ್ರಾ ಆದ ಪಂದ್ಯಗಳ ಸಂಖ್ಯೆ ಕಳೆಯಿರಿ. ಡ್ರಾ ಕಾಲಂನ ಮೊತ್ತ ಸಮಸಂಖ್ಯೆಯೇ ಆಗಬೇಕು, ಹೊಡೆದ ಗೋಲು ಬಿಟ್ಟುಕೊಟ್ಟ ಗೋಲಿಗೆ ಸಮವಾಗಬೇಕು. ತಾಳೆ ಬೀಳದಿದ್ದರೆ ಯಾವುದಾದರೂ ತಂಡ ನಡುವೆ ಬಿಟ್ಟುಹೋಗಿದೆಯೇ, ದಂಡವಾಗಿ ಅಂಕ ಕಡಿದಿದ್ದಾರೆಯೇ, ಆಡದೆ ಗೆಲುವು ಕೊಟ್ಟ ಪಂದ್ಯವಿದೆಯೇ ನೋಡಿ. ರೆಚಿತ್ಸಾದ ಸ್ಪುತ್ನಿಕ್ 2021ರಲ್ಲಿ ಪ್ರೀಮಿಯರ್ ಲೀಗಿನಿಂದಲೇ ಸೀಸನ್ ಮಧ್ಯೆ ಹೊರಬಿತ್ತು. ಕೆಳಗಿನ ಲೀಗುಗಳಲ್ಲಿ ಹಣವಿಲ್ಲದ ಕ್ಲಬ್ಬುಗಳ ಪಾಡು ಕೇಳಬೇಕೇ?

ಪಟ್ಟಿ ಗಟ್ಟಿಯಾದ ಮೇಲೆ ಒಂದು ಹೆಸರನ್ನು ಇನ್ನೊಂದಕ್ಕೆ ಜೋಡಿಸುವ ಕೊಂಡಿಗಳನ್ನು ಪರೀಕ್ಷಿಸಿ. ರೆಚಿತ್ಸಾದಲ್ಲಿ ವೆದ್ರಿಚ್, ವೆದ್ರಿಚ್-97, ರೆಚಿತ್ಸಾ-2014, ಸ್ಪುತ್ನಿಕ್ ಎಂಬ ಹೆಸರುಗಳು ಸಿಗುತ್ತವೆ. ಊರು ಒಂದೇ ಎಂದು ಎಲ್ಲವನ್ನೂ ಒಂದು ದಾರಕ್ಕೆ ಪೋಣಿಸಬೇಡಿ. ಹೆಸರು ಬದಲಾದದ್ದೇ, ಎರಡು ಕ್ಲಬ್ಬು ಸೇರಿದ್ದೇ, ಹಳೆಯದು ಮುಚ್ಚಿ ಹೊಸದು ಹುಟ್ಟಿದ್ದೇ ಎಂಬುದಕ್ಕೆ ಪ್ರತಿ ಕೊಂಡಿಗೂ ಬೇರೆ ದಾಖಲೆ ಬೇಕು. ಸಿಗದಿದ್ದರೆ ಷರಾದಲ್ಲಿ ಹಾಗೆಯೇ ಬರೆಯಿರಿ. ಹೆಸರಿನ ಕೊನೆಯ ಅಂಕಿ ಸುಳಿವು ಮಾತ್ರ, ದಾಖಲೆಯಲ್ಲ.

ಸೋವಿಯತ್ ಕಾಲದ ಪ್ರಶಸ್ತಿಗಳನ್ನು ಬೇರೆಯೇ ಇಡಿ. ಆಗಿನ ಬೆಲಾರೂಸ್ ಗಣರಾಜ್ಯದ ಚಾಂಪಿಯನ್‌ಶಿಪ್ ಅಖಿಲ ಸೋವಿಯತ್ ಲೀಗುಗಳ ಕೆಳಗಿನ ಸ್ಪರ್ಧೆ. ಮಿನ್ಸ್ಕ್‌ನ ದಿನಾಮೊ ಆಡುತ್ತಿದ್ದದ್ದು ಅಲ್ಲಲ್ಲ, ಅದು 1982ರಲ್ಲಿ ಸೋವಿಯತ್ ಒಕ್ಕೂಟದ ಚಾಂಪಿಯನ್ನೇ ಆಯಿತು.

ಈಗ ಸ್ಥಾಪನೆಯ ವರ್ಷ. ಬೊರಿಸೊವ್ ಊರಿನ ಬಾಟೆ ಕ್ಲಬ್ಬನ್ನು ಮಾದರಿಯಾಗಿ ನೋಡಿ: 1973ರಲ್ಲಿ ಹುಟ್ಟಿತು, 1984ರಲ್ಲಿ ಮುಚ್ಚಿತು, 1996ರಲ್ಲಿ ಮತ್ತೆ ಎದ್ದು ವ್ತೊರಾಯಾ ಗೆದ್ದಿತು, 1997ರಲ್ಲಿ ಪೆರ್ವಾಯಾ, 1999ರಲ್ಲಿ ದೇಶದ ಪ್ರಶಸ್ತಿ. 1973 ಎಂದಷ್ಟೇ ಬರೆದರೆ ಹನ್ನೆರಡು ವರ್ಷದ ಖಾಲಿ ಮುಚ್ಚಿಹೋಗುತ್ತದೆ, 1996 ಎಂದಷ್ಟೇ ಬರೆದರೆ 1974, 1976, 1979ರ ಗಣರಾಜ್ಯ ಪ್ರಶಸ್ತಿಗಳು ಅನಾಥವಾಗುತ್ತವೆ. ನಿಮ್ಮ ಕ್ಲಬ್ಬಿಗೂ ಮೊದಲ ಪ್ಯಾರಾದಲ್ಲೇ ಮೂರೂ ವರ್ಷ ಕೊಡಿ: ಹುಟ್ಟಿದ್ದು, ನಿಂತದ್ದು, ಮತ್ತೆ ನೋಂದಣಿಯಾದದ್ದು.