ವಾಫಲ್ ಹೌಸ್‌ನಲ್ಲಿ ತಿಂಡಿ: ಗ್ರಿಟ್ಸ್‌ಗೆ ಸಕ್ಕರೆ ಹಾಕಬೇಡಿ

ಅಮೆರಿಕದ ಅಟ್ಲಾಂಟಾ ಕಡೆ ಹೋದರೆ ಹೆದ್ದಾರಿ ಪಕ್ಕದಲ್ಲಿ ಹಳದಿ ಚೌಕಗಳ ಮೇಲೆ ಕಪ್ಪು ಅಕ್ಷರದ ಬೋರ್ಡು ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದೇ ವಾಫಲ್ ಹೌಸ್ ಅನ್ನೋ ಹೋಟೆಲ್ ಸರಣಿ. 1955ರಲ್ಲಿ ಅಲ್ಲೇ ಹತ್ತಿರದ ಅವಂಡೇಲ್ ಎಸ್ಟೇಟ್ಸ್‌ನಲ್ಲಿ ಶುರುವಾದದ್ದು. ದಿನದ 24 ಗಂಟೆಯೂ ತೆರೆದಿರುತ್ತದೆ, ಆಡಂಬರ ಏನೂ ಇಲ್ಲ.

ಒಬ್ಬರೇ ಹೋಗಿದ್ದರೆ ಕೌಂಟರ್ ಮುಂದಿನ ಸ್ಟೂಲ್ ಮೇಲೆ ಕೂರಿ. ಅಡುಗೆಯವರು ಕಾವಲಿ ಮೇಲೆ ಆಡುವ ಆಟವೆಲ್ಲ ಕಾಣುತ್ತದೆ. ಬಡಿಸುವಾಕೆ ನಿಮ್ಮನ್ನು ‘ಹನಿ’ (ಜೇನು, ನಾವು ‘ಚಿನ್ನ’ ಅನ್ನುವ ಹಾಗೆ) ಅಂದರೆ ಗಾಬರಿಯಾಗಬೇಡಿ, ಅಲ್ಲಿ ಎಲ್ಲರೂ ಹನಿಯೇ. ಮೊದಲು ಕಾಫಿ ಹೇಳಿ. ತೆಳ್ಳಗಿನ ಕಪ್ಪು ಕಾಫಿ, ನಮ್ಮ ಫಿಲ್ಟರ್ ಕಾಫಿಯ ಆಸೆ ಇಟ್ಟುಕೊಳ್ಳಬೇಡಿ, ಆದರೆ ಕಪ್ ಖಾಲಿಯಾಗುತ್ತಿದ್ದ ಹಾಗೇ ಮತ್ತೆ ಸುರಿಯುತ್ತಾರೆ.

ಮೊಟ್ಟೆ ತಿನ್ನುವವರು ‘ಓವರ್ ಈಸಿ’ ಅನ್ನಿ. ತಿರುವಿ ಹಾಕಿದರೂ ಹಳದಿ ಭಾಗ ಒಳಗೆ ಹಸಿಯಾಗೇ ಇರುತ್ತದೆ. ತಿರುವುವುದೇ ಬೇಡ, ಗಾಡಿಯಲ್ಲಿ ಹಾಫ್ ಬಾಯಿಲ್ ಅಂತೀವಲ್ಲ, ಹಾಗೇ ಇರಲಿ ಅಂದರೆ ‘ಸನ್ನಿ ಸೈಡ್ ಅಪ್’.

ಈಗ ಗ್ರಿಟ್ಸ್. ಮೆಕ್ಕೆಜೋಳದ ನುಚ್ಚು, ಅಷ್ಟೇ. ಜೋಳದ ನುಚ್ಚು ಉಂಡು ಬೆಳೆದ ನಮ್ಮ ಉತ್ತರ ಕರ್ನಾಟಕದವರಿಗೆ ಇದನ್ನು ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ಜಾರ್ಜಿಯಾ ರಾಜ್ಯವಂತೂ 2002ರಲ್ಲಿ ಇದನ್ನು ತನ್ನ ಅಧಿಕೃತ ತಿನಿಸು ಅಂತ ಘೋಷಿಸಿಬಿಟ್ಟಿದೆ. ಬಿಸಿ ಇರುವಾಗಲೇ ಬೆಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ ಹಾಕಿ ಕಲಸಿ. ನಾನು ಮೊದಲ ಸಲ ಪಾಯಸ ಅಂದುಕೊಂಡು ಸಕ್ಕರೆ ಸುರಿದಿದ್ದೆ, ಪಕ್ಕದ ಅಜ್ಜ ನೋಡಿದ ನೋಟ ಇನ್ನೂ ನೆನಪಿದೆ! ಮೊಟ್ಟೆಯ ಹಳದಿಯನ್ನು ಅದರ ಮೇಲೇ ಒಡೆದು, ಸೇರಿಸಿಕೊಂಡು ತಿನ್ನಿ.

ಹ್ಯಾಶ್ ಬ್ರೌನ್ ಅಂದರೆ ತುರಿದ ಆಲೂಗಡ್ಡೆಯನ್ನು ಕಾವಲಿ ಮೇಲೆ ಕೆಂಪಗೆ ಹುರಿದದ್ದು. ಇದಕ್ಕೆ ಅವರದೇ ಭಾಷೆ ಇದೆ: ‘ಸ್ಮದರ್ಡ್’ ಅಂದರೆ ಈರುಳ್ಳಿ, ‘ಕವರ್ಡ್’ ಅಂದರೆ ಚೀಸ್, ‘ಪೆಪ್ಪರ್ಡ್’ ಅಂದರೆ ಹಸಿಮೆಣಸಿನಕಾಯಿ (ಇದನ್ನು ಬಿಡಬೇಡಿ). ‘ಚಂಕ್ಡ್’ ಅಂದರೆ ಹಂದಿ ಮಾಂಸ ಬರುತ್ತದೆ, ಬೇಡದವರು ಬಾಯಿ ತಪ್ಪಿಯೂ ಹೇಳಬೇಡಿ.

ಬಿಸ್ಕಿಟ್ ಅಂದ ತಕ್ಷಣ ಟೀಗೆ ಅದ್ದುವ ಬಿಸ್ಕತ್ತು ನೆನಪಾಗುತ್ತೆ ಅಲ್ವಾ? ಇದು ಮಜ್ಜಿಗೆ ಹಾಕಿ ಬೇಯಿಸಿದ, ಕೈಯಲ್ಲೇ ಬಿಡಿಸಬಹುದಾದ ಮೆತ್ತನೆ ಬನ್. ಅದರ ಮೇಲೆ ಸುರಿಯುವ ಬಿಳಿ ಗ್ರೇವಿ ಹಂದಿ ಸಾಸೇಜ್ ಹುರಿದ ಜಿಡ್ಡಿಗೆ ಮೈದಾ, ಹಾಲು ಸೇರಿಸಿ ಮಾಡಿದ್ದು. ಸಸ್ಯಾಹಾರಿಗಳು ಬಿಸ್ಕಿಟ್‌ಗೂ ಕೊಬ್ಬು ಹಾಕಿದ್ದಾರಾ ಅಂತ ಕೇಳಿಕೊಳ್ಳಿ. ಬೇಕನ್ (ಹಂದಿ ಮಾಂಸದ ತೆಳು ಹೋಳು) ಬೇಯುವ ಕಾವಲಿಯಲ್ಲೇ ಆಲೂಗಡ್ಡೆಯೂ ಬೇಯುವುದು ಮಾಮೂಲು. ಮನಸ್ಸು ಒಪ್ಪದಿದ್ದರೆ ವಾಫಲ್ (ಚೌಕ ಚೌಕ ಗುಳಿಗಳಿರುವ ದಪ್ಪ ದೋಸೆಯಂಥದ್ದು) ಹೇಳಿ, ಅದನ್ನು ಬೇರೆ ಅಚ್ಚಿನಲ್ಲೇ ಮಾಡುತ್ತಾರೆ.

ಟಿಪ್ಸ್ ವಿಷಯದಲ್ಲಿ ಜಿಪುಣತನ ಬೇಡ. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಕೊಡಲೇಬೇಕಾದ ಕೂಲಿ ಕೇಂದ್ರ ಕಾನೂನಿನ ಪ್ರಕಾರ ಗಂಟೆಗೆ ಬರೀ 2.13 ಡಾಲರ್, 1991ರಿಂದ ಅದು ಏರಿಯೇ ಇಲ್ಲ. ಬಿಲ್ಲಿನ ಮೇಲೆ ನೂರಕ್ಕೆ ಇಪ್ಪತ್ತರ ಲೆಕ್ಕ ಹಾಕಿ, ಸಾಧ್ಯವಾದರೆ ನೋಟನ್ನೇ ತಟ್ಟೆ ಪಕ್ಕ ಇಟ್ಟು ಏಳಿ.